ಮೂವತ್ತು ಮಂದಿಯ ಮಿದುಳು

ಮಹಾರಾಷ್ಟ್ರದ ಕುಪವಾಡ ಕೈಗಾರಿಕಾ ವಸಾಹತಿನ ಲೇಥ್ ಕಾರ್ಖಾನೆಯಲ್ಲಿ ಬೆಳಿಗ್ಗೆ ಹತ್ತೂವರೆಗೆ ಪರಸಪ್ಪ ಬಿದ್ದು ಸತ್ತ. ಕರೆಂಟ್ ಹೊಡೆದಿರಬೇಕು ಎಂದರು. ಶವಪರೀಕ್ಷೆ ಬೇರೆಯೇ ಹೇಳಿತು. ಮಿದುಳಿನಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಹುಬ್ಬಿನ ಮೇಲೆ, ಚರ್ಮದಡಿ, ಕಬ್ಬಿಣದ ಚೂರು.

ಅವನ ಹೆಂಡತಿ ಸಾತವ್ವ ಪೊಲೀಸ್ ಫೌಜದಾರ್ ಯೋಗಿತಾಳ ಮುಂದೆ ಒಂದು ಲಕೋಟೆ ಇಟ್ಟಳು. ಒಳಗೆ ಆರು ವಾರದ ಹಿಂದಿನ ಎಂಆರ್‌ಐ ಫಿಲ್ಮು, ವರದಿ. ‘ದೋಷವಿಲ್ಲ.’

“ತಲಿ ಸಿಡೀತೈತಿ ಅಂತಿದ್ರು ಮೇಡಂ. ಇದು ಬಂದ ಮ್ಯಾಲ ದವಾಖಾನಿಗೆ ಹೋಗಲೇ ಇಲ್ಲ.”

“ಹುಬ್ಬಿನಾಗಿನ ಚೂರು ಯಾವಾಗಿಂದು?”

“ಐದು ವರ್ಷಾತ್ರಿ. ಲೇಥಿನಾಗ ಸಿಡಿದು ಹೊಕ್ಕಿತ್ತು.”

ಯೋಗಿತಾ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಬ್ಬಿಣ ಇದ್ದಲ್ಲಿ ಎಂಆರ್‌ಐ ಚಿತ್ರದಲ್ಲಿ ಕರಿ ಕುಳಿ ಬೀಳುತ್ತದೆ ಎಂದಿದ್ದರು ಶವಪರೀಕ್ಷೆಯ ಡಾಕ್ಟರು. ಇಲ್ಲಿ ಹುಬ್ಬು ಸ್ವಚ್ಛವಾಗಿತ್ತು.

ಇದು ಪರಸಪ್ಪನ ತಲೆಯಲ್ಲ.

*

ವರದಿ ಕೊಟ್ಟದ್ದು ಮಿರಜದ ಸ್ಕ್ಯಾನ್ ಕೇಂದ್ರದ ಡಾ. ಅಮರ. ಒಬ್ಬೊಬ್ಬ ಮನುಷ್ಯನ ಮಿದುಳಿನ ಭಾಗಗಳು ರಚನೆಯಲ್ಲಿ ಒಂದಕ್ಕೊಂದು ಎಷ್ಟು ಹೋಲುತ್ತವೆ ಎಂದು ಎಂಆರ್‌ಐ ಚಿತ್ರದಿಂದ ಅಳೆಯುವುದು ಅವರ ಸಂಶೋಧನೆ. ಕಾರ್ಖಾನೆಯ ಹೊಗೆ ಆ ಹೋಲಿಕೆಯ ನಂಟನ್ನು ಕೆಡಿಸುತ್ತದೆಯೇ ಎಂದು ನೋಡಲು ಪರಸಪ್ಪನೂ ಸೇರಿ ಮೂವತ್ತು ಕಾರ್ಮಿಕರನ್ನು ಆರಿಸಿದ್ದರು. ಅವರ ಕೋಣೆಯ ಗೋಡೆಯ ಮೇಲೆ ಅದಕ್ಕೆ ಬಂದ ಪ್ರಶಸ್ತಿ.

“ಹೆಸರು ಅದಲುಬದಲಾಗಿರಬೇಕ್ರಿ,” ಎಂದರು ಡಾಕ್ಟರು, ಚಹಾ ಮುಂದೆ ಸರಿಸುತ್ತ. “ಟೆಕ್ನಿಷಿಯನ್ ತುಷಾರ ಭಾಳ ಬೇಫಿಕೀರ.”

ಕಂಪ್ಯೂಟರಿನಲ್ಲಿ ಮೂವತ್ತೂ ಫೈಲ್ ತುಷಾರನ ಪಾಸ್‌ವರ್ಡ್‌ನಿಂದಲೇ ಸೇರಿದ್ದವು. ಯೋಗಿತಾ ಅವನನ್ನು ಠಾಣೆಯಲ್ಲಿ ದಿನವಿಡೀ ಕೂಡಿಸಿದಳು.

“ಆ ಮಂದಿನ್ನ ನಾ ನೋಡೇ ಇಲ್ರಿ,” ಎನ್ನುತ್ತಲೇ ಇದ್ದ. “ಪಾಸ್‌ವರ್ಡ್ ಚೀಟಿ ಕಂಪ್ಯೂಟರಿಗೇ ಅಂಟಿಸಿರತೈತಿ. ಯಾರ ಬೇಕಾದ್ರೂ ಹಾಕಬಹುದು.”

ಅವಳು ನಂಬಲಿಲ್ಲ.

*

ಫೈಲುಗಳನ್ನು ಸಾಂಗಲಿಯ ಸ್ನೇಹಲಳಿಗೆ ಕೊಟ್ಟಳು. ಸ್ನೇಹಲ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳು. ಇಂಥ ಚಿತ್ರಗಳ ಲೆಕ್ಕ ಬಲ್ಲವಳು. ಮೂರನೇ ದಿನ ಫೋನ್ ಬಂತು.

“ಮೇಡಂ, ಇವ್ರು ಮೂವತ್ತು ಮಂದಿ ಅಲ್ರಿ. ಒಬ್ಬನೇ.”

“ಚಿತ್ರ ಬ್ಯಾರೆ ಬ್ಯಾರೆ ಅದಾವಲ್ಲ?”

“ಎಡಾ ಬಲಾ ತಿರುವ್ಯಾರ, ಓರೆ ಮಾಡ್ಯಾರ, ಬೆಳಕು ಕಡಿಮಿ ಮಾಡ್ಯಾರ. ಕಣ್ಣಿಗೆ ಬ್ಯಾರೆ ಕಾಣತೈತಿ. ಆದ್ರ ಭಾಗ ಭಾಗದ ನಡುವಿನ ನಂಟು ಒಬ್ಬೊಬ್ಬರದು ಒಂದೊಂದು ಥರ. ಇಲ್ಲಿ ಮೂವತ್ತಕ್ಕೂ ಒಂದೇ.”

ಯೋಗಿತಾ ಕುರ್ಚಿಯಿಂದ ಎದ್ದಳು. ಹೆಸರು ಅದಲುಬದಲಾಗಿದ್ದರೆ ಮೂವತ್ತು ಮಿದುಳು ಇರಬೇಕಿತ್ತು, ತಪ್ಪು ಹೆಸರಿನಲ್ಲಿ. ಇಲ್ಲಿ ಇರುವುದೇ ಒಂದು. ಇದು ಮರೆವಲ್ಲ.

ಫೈಲು ಸೇರಿದ ವೇಳೆ ನೋಡಿದಳು. ಒಂದೇ ಭಾನುವಾರ, ಐವತ್ತು ನಿಮಿಷದಲ್ಲಿ ಮೂವತ್ತೂ. ಒಂದು ಸ್ಕ್ಯಾನಿಗೇ ಅರ್ಧ ತಾಸು ಬೇಕು. ಆ ದಿನ ತುಷಾರ ಕೊಲ್ಹಾಪುರದಲ್ಲಿ, ತಂಗಿಯ ಮದುವೆಯಲ್ಲಿದ್ದ. ಹಾಗಾದರೆ ಆ ಒಂದು ತಲೆ ಯಾರದು ಎಂದು ಅವನನ್ನೇ ಕೇಳಿದಳು.

“ತುಷಾರ, ಆ ಯಂತ್ರದಾಗ ನಿಮ್ಮ ಸ್ಟಾಫ್ ಯಾರರ ಮಲಗಿದ್ರೇನು?”

“ಯಂತ್ರ ಕೂಡಿಸಿದ ದಿನ ಟೆಸ್ಟಿಗಂತ ಡಾಕ್ಟರೇ ಮಲಗಿದ್ರು. ಆ ಫೈಲ್ ಇನ್ನೂ ಐತ್ರಿ.”

ಸ್ನೇಹಲ ಅದನ್ನೂ ಅಳೆದಳು. ಮೂವತ್ತಕ್ಕೂ ತಾಳೆಯಾಯಿತು.

*

ಯೋಗಿತಾ ಆ ಲೆಕ್ಕವನ್ನು ಡಾ. ಅಮರರ ಮುಂದಿಟ್ಟಳು. ಅವರು ನಕ್ಕರು.

“ಯಂತ್ರ ನಮ್ಮ ಪೇಶಂಟ್‌ಗಳಿಗೇ ಸಾಲೂದಿಲ್ರಿ. ಈ ಕಾರ್ಖಾನಿ ಮಂದಿನ್ನ ಎಕ್ಸ್‌ರೇ ಟೇಬಲ್ ಮ್ಯಾಲ ಹತ್ತು ನಿಮಿಷ ಮಲಗಿಸಿ ಕಳಿಸಿದೆ. ಅವ್ರಿಗೇನು ಗೊತ್ತಾಗತೈತಿ? ಗ್ರೀಸು, ಬೆವರು… ಹತ್ರ ನಿಂದ್ರಾಕ ಆಗತಿರಲಿಲ್ಲ.”

ಯೋಗಿತಾ ಪರಸಪ್ಪನ ವರದಿಯನ್ನು ಮೇಜಿನ ಮೇಲೆ ಇಟ್ಟಳು. “ಅದಕ್ಕ ನಿಮ್ಮ ತಲಿಗೆ ಅವ್ರ ಹೆಸರು ಹಚ್ಚಿದ್ರಿ. ‘ದೋಷವಿಲ್ಲ’ ಅಂತ ಸಹಿ ಹಾಕಿದ್ರಿ. ಒಬ್ಬಾಂವ ಅದನ್ನ ನಂಬಿ ಸತ್ತ.”

“ಕಾಗದ ಕೇಳಿದ್ರು, ಕೊಟ್ಟೆ.”

ಅವರ ಮೋರೆ ನೋಡಲಾಗದೆ ಯೋಗಿತಾ ಕಾನ್ಸ್‌ಟೇಬಲ್‌ಗೆ ಸನ್ನೆ ಮಾಡಿ ಹೊರಬಂದಳು.

ಉಳಿದ ಇಪ್ಪತ್ತೊಂಬತ್ತು ಮಂದಿಗೆ ನಿಜವಾದ ತಪಾಸಣೆಗೆ ಕರೆ ಹೋಯಿತು. ಅದಾದ ಮೇಲೆ ಯೋಗಿತಾ ಸಾತವ್ವನ ಮನೆಗೆ ಹೋಗಿ ಎಲ್ಲ ಹೇಳಿದಳು.

“ಹಂಗಾರ ನನ್ನ ಗಂಡನ ತಲಿ ಯಾರೂ ನೋಡೇ ಇಲ್ಲೇನ್ರಿ?”

“ಇಲ್ರೀ ಅಕ್ಕಾ.”

“ಈ ಮರಾಠಿ ಊರಾಗ ಆ ಡಾಕ್ಟರ ನಮ್ಮ ಕೂಡ ಕನ್ನಡದಾಗ ಮಾತಾಡಿದ. ನಮ್ಮಾಂವ ಅಂತ ಕಾಲು ಮುಟ್ಟಿ ನಮಸ್ಕಾರ ಮಾಡಿದ್ನಿ.”

ಸಾತವ್ವ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದಳು. ಸೋಪು ಹಚ್ಚಿ, ಮತ್ತೊಮ್ಮೆ ತೊಳೆದಳು.