ಸೈತಾನನ ರಾಶಿಗೆ ಹಾಕಿದ ಫೋನು

"ಮುಟ್ಬೇಡಿ ಅದನ್ನ!"

ಒದಿಲಿಯಾಳ ಕೂಗಿಗೆ ಬೀದಿಯೇ ತಿರುಗಿ ನೋಡಿತು. ಎದುರು ಮನೆಯ ಬಸ್ ಚಾಲಕ ಆನ್ಸೆಲ್ಮೊ ಅವಳ ಕಸದ ರಾಶಿಗೆ ಕೈ ಹಾಕಿ ಹಳೆಯ ಫೋನನ್ನು ಎತ್ತಿಕೊಂಡಿದ್ದ!

ಡಿಸೆಂಬರ್ ಏಳು. ಗ್ವಾಟೆಮಾಲಾ ನಗರದ ಮನೆಮನೆಯೆದುರೂ ಹಳೆಯ ಸಾಮಾನಿನ ರಾಶಿ. ಸಂಜೆ ಆರಕ್ಕೆ ಅದರ ಮೇಲೆ ಕಾಗದದ ಸೈತಾನನನ್ನು ಕೂರಿಸಿ ಸುಟ್ಟರೆ ಮನೆಯ ಪೀಡೆ ತೊಲಗಿತು ಅಂತ ಲೆಕ್ಕ.

ಒದಿಲಿಯಾಳ ಪೀಡೆ ಆ ಫೋನಿನಲ್ಲೇ ಇತ್ತು. ಗಂಡ ತೀರಿಕೊಂಡ ಮೇಲೆ ಅವಳಿಗೆ ಮಾತಿಗೊಂದು ಜೀವವಿರಲಿಲ್ಲ. ಸಂಜೆಯಾದರೆ ಕಿಟಕಿಯಲ್ಲಿ ಕೂತು, ಆನ್ಸೆಲ್ಮೊಗೆ ಹೇಳಬೇಕೆನಿಸಿದ್ದನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಿದ್ದಳು. ಕಳಿಸುವ ಧೈರ್ಯ ಮಾತ್ರ ಬರಲಿಲ್ಲ. ಒಂಟಿ ಹೆಂಗಸಿನ ಫೋನನ್ನು ಯಾರು ನೋಡುತ್ತಾರೆಂದು ಲಾಕ್ ಕೂಡ ಹಾಕಿರಲಿಲ್ಲ.

'ಅಯ್ಯೋ... ಕೇಳಿಬಿಟ್ಟರೆ? ನಾಳೆಯಿಂದ ಹೇಗೆ ಮುಖ ತೋರಿಸಲಿ?'

"ಬಿಟ್ಟಿ ಸಿಕ್ತು ಅಂತ ಎತ್ಕೊಂಡ್ರಾ? ನಾಚಿಕೆ ಆಗಲ್ವಾ?"

ಆನ್ಸೆಲ್ಮೊನ ಮುಖ ಸಣ್ಣದಾಯಿತು.

"ಬ್ಯಾಟರಿ ಬೆಂಕೀಲಿ ಸಿಡಿಯುತ್ತೆ ರೀ. ಹೋದ ವರ್ಷ ನಾನೂ ಹೀಗೇ ಹಾಕಿದ್ದೆ. ಬೆಂಕಿ ಹಚ್ಚೋಕೆ ಮೊದ್ಲೇ ಯಾರೋ ಎತ್ಕೊಂಡು ಹೋದ್ರು. ನನ್ನ ಹೆಸರಲ್ಲಿ ನಮ್ಮಕ್ಕನ ಹತ್ರ ದುಡ್ಡು ಕೇಳಿದ್ರು. ತೀರ್ಕೊಂಡ ಹೆಂಡ್ತಿ ಫೋಟೋನೆಲ್ಲ ಯಾರ್ಯಾರಿಗೋ ಕಳಿಸಿದ್ರು..."

ಒದಿಲಿಯಾಳ ಸಿಟ್ಟು ಇಳಿಯಿತು, ಭಯ ಇಳಿಯಲಿಲ್ಲ.

"ನೀವು... ತೆಗೆದು ನೋಡಿದ್ರಾ?"

"ದೇವರಾಣೆ ಇಲ್ಲ. ತಗೊಳ್ಳಿ, ನಿಮ್ಮ ಕೈಯಾರೆ ಅಳಿಸಿ. ನಾನು ಆ ಕಡೆ ತಿರುಗ್ತೀನಿ."

ಅವನು ಬೆನ್ನು ತಿರುಗಿಸಿ ನಿಂತೇ ಹೇಳುತ್ತ ಹೋದ. ಮೊದಲು ಖಾತೆಯಿಂದ ಹೊರಗೆ ಬನ್ನಿ, ಸಿಮ್ ತೆಗೆಯಿರಿ, ಮೆಮೊರಿ ಕಾರ್ಡ್ ಇದ್ದರೆ ಅದನ್ನೂ...

ಕೊನೆಗೆ ಪರದೆ ಕೇಳಿತು: ಎಲ್ಲವನ್ನೂ ಅಳಿಸಬೇಕೇ?

ಒದಿಲಿಯಾ ಪರದೆಯನ್ನೇ ನೋಡಿದಳು. ಇಷ್ಟು ದಿನ ಅವಳ ಜೊತೆಗಿದ್ದದ್ದು ಆ ಮಾತುಗಳಷ್ಟೇ. ಅವೂ ಹೋದರೆ ಮನೆಯಲ್ಲಿ ಯಾರಿದ್ದಾರೆ?

ಕಣ್ಣು ಮುಚ್ಚಿ ಒತ್ತಿದಳು.

"ಆಯ್ತಾ? ಇನ್ನು ಅದು ಯಾರಿಗೂ ಸಿಗಲ್ಲ ಬಿಡಿ," ಎಂದ ಆನ್ಸೆಲ್ಮೊ, ಸಮಾಧಾನದಿಂದ.

ಅಷ್ಟಕ್ಕೇ ಅವಳಿಗೆ ಅಳು ಒತ್ತರಿಸಿ ಬಂತು.

"ನಿಮಗೆ ಸಿಗಬೇಕಾಗಿತ್ತು!"

ಅವನು ಸರಕ್ಕನೆ ತಿರುಗಿದ. ಬೀದಿಯುದ್ದಕ್ಕೂ ಬೆಂಕಿ ಹೊತ್ತಿಕೊಳ್ಳುತ್ತಿತ್ತು, ಮಕ್ಕಳು ಪಟಾಕಿ ಹಚ್ಚುತ್ತಿದ್ದರು.

"ನಂಗಾ? ಏನಿತ್ತು ಅದ್ರಲ್ಲಿ?"

"ನಿಮ್ಮ ಬಸ್ಸು ತಡ ಆದ್ರೆ ಗಂಟಲಲ್ಲಿ ತುತ್ತು ಇಳಿಯಲ್ಲ ಅಂತ... ನಿಮ್ಮನೆ ದೀಪ ಹತ್ತಿದ ಮೇಲೇ ನಂಗೆ ನಿದ್ದೆ ಅಂತ..."

ಆನ್ಸೆಲ್ಮೊನ ಕಣ್ಣು ತುಂಬಿ ಬಂತು.

"ಖಾಲಿ ಮನೆಗೆ ಬೇಗ ಬಂದು ಏನ್ ಮಾಡ್ಲಿ ಅಂತ ನಾನೇ ತಡ ಮಾಡ್ತಿದ್ದೆ."

"ನಾಳೆನೂ ತಡಾನಾ?"

"ಇಲ್ಲ, ಒದಿಲಿಯಾ... ನಾಳೆ ಬೇಗ ಬರ್ತೀನಿ."