ನಿಲ್ಲದ ಚೆಂಡೆ

"ನಾಳೆ ಸ್ಟೇಷನ್ನಿಗೆ ಬರುವಾಗ ಬಟ್ಟೆ ಕೂಡ ತಕೊಂಡು ಬಾ ಅಂತ ಪೊಲೀಸರು ಹೇಳಿದ್ದಾರೆ, ಟೀಚರ್," ಎಂದಳು ನಮಿತಾ. "ಅಂದ್ರೆ ಎಂತ ಅಂತ ನನಗೆ ಗೊತ್ತುಂಟು."

ಗೊತ್ತಾಗದಿರಲು ಅವಳೇನು ಮಗುವೇ? ಸೀತಾಂಗೋಳಿಯ ಕೃಷ್ಣಕುಮಾರನ ತಲೆ ಒಡೆದು ಕೊಂದವಳು ಇವಳೇ ಎಂದು ಊರು ತೀರ್ಮಾನಿಸಿಯಾಗಿತ್ತು, ಕೈಕೋಳ ಹಾಕುವುದೊಂದೇ ಬಾಕಿ. ಪುತ್ತಿಗೆಗೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ಇವಳ ಮುಖ ನೋಡಿ ಎದ್ದುಹೋಗಿ ಕಂಬಿ ಹಿಡಿದು ನಿಂತಳಂತೆ. ಇಂಥ ಜನರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ನಾನು ಪುರಂದರ, ಮದುವೆ ಭಜನೆಗಳಿಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವನು. ಸೌದಾಮಿನಿ ಟೀಚರು ಪ್ಲಸ್ ಟು ಮಕ್ಕಳಿಗೆ ಕಂಪ್ಯೂಟರ್ ಕಲಿಸಿ ನಿವೃತ್ತರಾದವರು. ಪೊಲೀಸರು ತಪ್ಪು ದಾರಿ ಹಿಡಿದಾಗಲೆಲ್ಲ ಪುತ್ತಿಗೆಯ ಜನ ಅವರ ಜಗಲಿ ಹತ್ತುತ್ತಾರೆ. ಅವರ ಓಡಾಟಕ್ಕೆ ನನ್ನ ಓಮ್ನಿ, ಜಗಳಕ್ಕೆ ನನ್ನ ಬಾಯಿ.

"ಸುರುವಿನಿಂದ ಹೇಳು," ಎಂದರು ಟೀಚರು.

ಕೃಷ್ಣಕುಮಾರನ ವರ್ಕ್‌ಶಾಪಿನಲ್ಲಿ ಸಂಗೀತದ ಅಭ್ಯಾಸಕ್ಕೆ ಬೇಕಾದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ, ತಾಳದ ಪೆಟ್ಟಿಗೆಗಳನ್ನು ತಯಾರಿಸುತ್ತಿದ್ದರು. ನಮಿತಾ ಅಲ್ಲಿ ಕೆಲಸಕ್ಕಿದ್ದಳು. ಕಳೆದ ವಾರ ದೀಪ ಹಚ್ಚುವ ಹೊತ್ತಿಗೆ ಅವನು ಹೆಂಡತಿ ಶ್ರೀರಂಜಿನಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ. ನಡುವೆ ಯಾರಿಗೋ "ಬಂದೆಯಾ? ಬಾ" ಎಂದದ್ದು ಆಕೆಗೆ ಕೇಳಿಸಿತು. ಆಮೇಲೆ ಒಂದು ಕೂಗು, ಫೋನು ನೆಲಕ್ಕೆ ಬಿದ್ದ ಸದ್ದು. ಸ್ಪೀಕರಿನ ಕಬ್ಬಿಣದ ಸ್ಟ್ಯಾಂಡಿನಿಂದ ಹೊಡೆದಿದ್ದರು. ಮರೆತ ಟಿಫಿನ್ ತರಲು ಹಿಂದೆ ಬಂದ ನಮಿತಾಳೇ ಹೆಣವನ್ನು ಮೊದಲು ಕಂಡವಳು. ಇನ್ನೊಂದು ಬೀಗದ ಕೈ ಇದ್ದದ್ದು ಅವಳಲ್ಲಿ. ಸಾಲದ್ದಕ್ಕೆ, ಅಂದು ಬೆಳಿಗ್ಗೆ ಅವಳು ಧಣಿಯ ಜೊತೆ ಜಗಳವಾಡಿದ್ದನ್ನು ಪೇಟೆಯೆಲ್ಲ ಕೇಳಿತ್ತು.

"ಜಗಳ ಎಂತಕ್ಕೆ?"

"ಚೆಂಡೆಗೆ, ಟೀಚರ್. ನಮ್ಮ ಹೊಸ ಪೆಟ್ಟಿಗೆಯಲ್ಲಿ 'ಚೆಂಡೆ: ವಿಖ್ಯಾತ್' ಅಂತ ಪ್ರಿಂಟ್ ಉಂಟು. ವಿಖ್ಯಾತಣ್ಣ ಕೃಷ್ಣಣ್ಣನ ಪಾಲುದಾರ, ಚೆಂಡೆಯಲ್ಲಿ ಅಷ್ಟು ಹೆಸರಿನವ. ಆದ್ರೆ ಅದು ಯಾರೂ ಬಾರಿಸಿದ್ದೇ ಅಲ್ಲ. ಅವನು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ನಾನು ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿ ನೋಡಿದೆ. ಓಡಿಸಿದ್ರೆ ಅದು ಒಂದು ಫೈಲ್ ಬರೀತದೆ, ಯಾವ ಪೆಟ್ಟು ಯಾವಾಗ, ಎಷ್ಟು ಜೋರು ಅಂತ. ಮತ್ತೆ ತಾನೇ ಆ ಫೈಲನ್ನು ಸಿಂಥಸೈಸರಿಗೆ ಕೊಡ್ತದೆ. ಚೆಂಡೆಯ ಸ್ವರ ಹುಟ್ಟುದು ಅಲ್ಲಿ. ಮನುಷ್ಯ ಬಾರಿಸಿದ ಹಾಗೆ ಕೇಳ್ಲಿ ಅಂತ ಅಲ್ಲಲ್ಲಿ ಪೆಟ್ಟು ತಪ್ಪಿಸ್ತದೆ ಕೂಡ. ಇದು ಮೋಸ ಅಂತ ಹೇಳಿದೆ. ಕೃಷ್ಣಣ್ಣ ನಂಬ್ಲಿಲ್ಲ, ನನಗೇ ಬೈದ್ರು. ನಾನೂ ಬಿಡ್ಲಿಲ್ಲ."

"ವಿಖ್ಯಾತ್ ಆ ಹೊತ್ತಿಗೆ ಎಲ್ಲಿದ್ದ?" ಎಂದು ನಾನು ಕೇಳಿದೆ.

"ಮನೆಯಲ್ಲಿ. ಚೆಂಡೆ ಬಾರಿಸ್ತಾ ಇದ್ದ. ಆ ಓಣಿಯ ಎಲ್ಲರೂ ಕೇಳಿದ್ದಾರೆ."

ಟೀಚರು ಚಪ್ಪಲಿ ಮೆಟ್ಟಿದರು.

ವಿಖ್ಯಾತನ ಮನೆ ಪುತ್ತಿಗೆಯಲ್ಲೇ, ಹತ್ತಿರ. ವರ್ಷದ ಹಿಂದೆ ಯಕ್ಷಗಾನ ಮೇಳ ಬಿಟ್ಟು, ಹೊಸ ಸಾಧನೆ ಎಂದು ಹೇಳಿಕೊಂಡು ದಿನಾ ಸಂಜೆ ಕೋಣೆಯ ಬಾಗಿಲು ಹಾಕಿ ಬಾರಿಸುವವನು. ನಮ್ಮನ್ನು ನೋಡಿದ್ದೇ ಮುಖ ಗಂಟಿಕ್ಕಿದ.

"ನನ್ನ ಹತ್ರ ಎಂತ ಕೇಳ್ಲಿಕ್ಕುಂಟು? ಆ ಹುಡುಗಿಗೆ ವಕಾಲತ್ತು ಮಾಡ್ಲಿಕ್ಕೆ ಬಂದದ್ದಾ?"

"ಬಾಯಾರಿತು ಮಾರಾಯ, ಸ್ವಲ್ಪ ನೀರು ಕೊಡು," ಎಂದರು ಟೀಚರು.

ಅವನು ಒಳಗಿನಿಂದ ಲೋಟ ತಂದು ಎಡಗೈಯಲ್ಲಿ ನೀಡಿದ. ಬಲಗೈ ಪ್ಯಾಂಟಿನ ಕಿಸೆಯಿಂದ ಹೊರಗೇ ಬರಲಿಲ್ಲ. ಮನೆಗೆ ಬಂದ ಹಿರಿಯರಿಗೆ ಎಡಗೈಯಲ್ಲಿ ನೀರು! ನನ್ನ ರಕ್ತ ಕುದಿಯಿತು. ಟೀಚರು ಮಾತ್ರ ಶಾಂತವಾಗಿ ಕುಡಿದು ಲೋಟ ಕೆಳಗಿಟ್ಟರು. ಅಭ್ಯಾಸದ ಕೋಣೆಯ ಬಾಗಿಲು ಅರೆತೆರೆದಿತ್ತು. ಮೂಲೆಯಲ್ಲಿ ಬೆಡ್‌ಶೀಟ್ ಹೊದಿಸಿದ ಎರಡು ದೊಡ್ಡ ಸ್ಪೀಕರುಗಳಿದ್ದವು. ಸಭೆ ನಡೆಸುವಷ್ಟು ದೊಡ್ಡವು, ನನ್ನ ಕಣ್ಣಿಗೆ ಹೊದಿಕೆ ಅಡ್ಡಬರುವುದಿಲ್ಲ.

ಹೊರಗೆ ಬಂದವನೇ ನಾನು ಬಾಯಿಗೆ ಬಂದ ಹಾಗೆ ಬೈದೆ.

"ಬೈ, ಆದರೆ ನೋಡಿದ್ದನ್ನು ಮರೆಯಬೇಡ," ಎಂದು ಟೀಚರು ಪಕ್ಕದ ಅಂಗಳಕ್ಕೆ ಇಳಿದರು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಬೇಲಿ ಮಾತ್ರ.

ಅದು ಕಿನ್ನಿಯಕ್ಕನ ಮನೆ. ಕೃಷ್ಣಕುಮಾರ ಸತ್ತ ದಿನವೇ ಅವರ ಅಣ್ಣ ಚೋಮಣ್ಣ ಮಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದರು. ವಿಖ್ಯಾತನ ಹೆಸರೆತ್ತಿದ ಕೂಡಲೇ ಅಂಗಳ ಗುಡಿಸುತ್ತಿದ್ದ ಕಿನ್ನಿಯಕ್ಕ ಕೈಯಲ್ಲಿದ್ದ ಹಿಡಿಸೂಡಿಯನ್ನು ನೆಲಕ್ಕೆ ಬಡಿದರು.

"ಆ ಅಹಂಕಾರಿಯ ಸುದ್ದಿ ನನ್ನ ಅಂಗಳದಲ್ಲಿ ಬೇಡ! ಆಂಬುಲೆನ್ಸಿನಿಂದ ಅಣ್ಣನ ಹೆಣ ಇಳಿಸ್ತಾ ಇದ್ದೇವೆ, ನಾವೆಲ್ಲ ಬೊಬ್ಬೆ ಹೊಡೆದು ಅಳ್ತಾ ಇದ್ದೇವೆ, ಬೇಲಿಯ ಆಚೆ ಇವನ ಚೆಂಡೆ! ಹತ್ತಿರದಲ್ಲಿ ಸಾವಾದ್ರೆ ಟಿ.ವಿ. ಕೂಡ ಆರಿಸ್ತಾರೆ ಟೀಚರ್. ಮದುವೆ ಮನೆಯ ಬ್ಯಾಂಡ್ ಕೂಡ ನಿಲ್ತದೆ. ಇವನದ್ದು ನಿಲ್ಲಲೇ ಇಲ್ಲ. ಬಾಗಿಲು ಬಡಿದ್ರೂ ತೆಗೀಲಿಲ್ಲ."

"ಮತ್ತೆ ಬರಲೇ ಇಲ್ಲವಾ?"

"ಚೆಂಡೆ ನಿಂತು ಸುಮಾರು ಹೊತ್ತಾದ ಮೇಲೆ ಬಂದ. ಹೆಲ್ಮೆಟ್ ಕೈಯಲ್ಲಿ ಹಿಡ್ಕೊಂಡು ಇಲ್ಲೇ ನಿಂತು, 'ಒಳಗಿದ್ದೆ ಅಕ್ಕ, ಗೊತ್ತಾಗ್ಲಿಲ್ಲ' ಅಂತ ಹೇಳಿದ. ಮುಖಕ್ಕೆ ಉಗೀಬೇಕು ಅಂತ ಆಯ್ತು."

ಕಿನ್ನಿಯಕ್ಕನ ಮಗಳು ಮೋಕ್ಷಿತಾ ಮೆಲ್ಲಗೆ ಫೋನು ತಂದಳು. ದುಬಾಯಿಯಲ್ಲಿದ್ದ ಅವಳ ಅಣ್ಣನಿಗೆ ರಜೆ ಸಿಕ್ಕಿರಲಿಲ್ಲ. ಮಾವನ ಮುಖವನ್ನಾದರೂ ನೋಡಲಿ ಎಂದು ಹೆಣ ಇಳಿಸುವುದನ್ನು ವೀಡಿಯೋ ಮಾಡಿ ಕಳಿಸಿದ್ದಳು. ಅದರಲ್ಲಿ ಅಳು ಕೇಳುತ್ತಿತ್ತು, ಅಳುವಿನ ಹಿಂದೆ ಚೆಂಡೆಯೂ ಕೇಳುತ್ತಿತ್ತು. ಟೀಚರು ಇನ್ನೂ ಹಳೆಯದಿದ್ದರೆ ತೋರಿಸು ಎಂದರು. ಚೋಮಣ್ಣ ಆಸ್ಪತ್ರೆಗೆ ಹೋಗುವ ಮೊದಲಿನ ಒಂದು ಸಂಜೆಯದ್ದಿತ್ತು. ಜಗಲಿಯಲ್ಲಿ ಕೂತು, "ಬರುವಾಗ ನನಗೊಂದು ಒಳ್ಳೆ ಟಾರ್ಚ್ ತಾ ಮಗಾ" ಎನ್ನುತ್ತಿದ್ದರು. ಅಲ್ಲಿಯೂ ಹಿಂದೆ ಚೆಂಡೆ. ಮೋಕ್ಷಿತಾ ನೋಡಲಾರದೆ ಒಳಗೆ ಹೋದಳು. ಟೀಚರು ಎರಡನ್ನೂ ಮತ್ತೆ ಮತ್ತೆ ಕೇಳಿದರು. ನಂತರ ಎಸ್.ಐ.ಗೆ ಫೋನ್ ಮಾಡಿ, ನಾಳೆ ಎಲ್ಲರನ್ನೂ ವರ್ಕ್‌ಶಾಪಿಗೆ ಕರೆಸಿ ಎಂದರು.

ಮರುದಿನ ಅಲ್ಲಿ ಸೇರಿದವರಲ್ಲಿ ಒಬ್ಬರಿಗೊಬ್ಬರು ಮುಖ ಕೊಡುವವರಿರಲಿಲ್ಲ. ಕಿನ್ನಿಯಕ್ಕ ವಿಖ್ಯಾತನಿಗೆ ಬೆನ್ನು ಹಾಕಿ ಕೂತಿದ್ದರು. ಶ್ರೀರಂಜಿನಿ ನಮಿತಾಳನ್ನು ನೋಡಿ, "ಇವಳು ಇರುವಲ್ಲಿ ನಾನು ಕೂತುಕೊಳ್ಳುವುದಿಲ್ಲ" ಎಂದು ಗೋಡೆಗೆ ಒರಗಿ ನಿಂತರು.

"ಟೀಚರೇ, ನಿಮ್ಮ ಕ್ಲಾಸ್ ಬೇಗ ತೀರಿಸಿ. ನನಗೆ ಇವಳನ್ನು ಕೊಂಡುಹೋಗ್ಲಿಕ್ಕುಂಟು," ಎಂದರು ಎಸ್.ಐ.

ಟೀಚರು ಎರಡೂ ವೀಡಿಯೋಗಳ ಸದ್ದನ್ನು ನನ್ನ ಸ್ಪೀಕರಿನಲ್ಲಿ ಹಾಕಿಸಿದರು. ಮೊದಲನೆಯದರಲ್ಲಿ ಏರುತ್ತಿದ್ದ ಚೆಂಡೆಯ ಒಂದು ಪೆಟ್ಟು ಜಾರಿ, ಮುಂದಿನವು ಒಂದರ ಮೇಲೊಂದು ಬಿದ್ದು, ಮತ್ತೆ ತಾಳ ಹಿಡಿಯಿತು. ಎರಡನೆಯದರಲ್ಲೂ ಅದೇ ಏರು, ಅದೇ ಜಾರು, ಅದೇ ಚೇತರಿಕೆ. ಆಮೇಲೆ ನಮಿತಾ ವರ್ಕ್‌ಶಾಪಿನ ಕಂಪ್ಯೂಟರಿನಲ್ಲಿದ್ದ ವಿಖ್ಯಾತನ ಪ್ರೋಗ್ರಾಮನ್ನು ಓಡಿಸಿದಳು. ಅದು ಫೈಲ್ ಬರೆಯಿತು, ಸಿಂಥಸೈಸರನ್ನು ಎಬ್ಬಿಸಿತು. ಚೆಂಡೆ ಏರಿತು. ಅಲ್ಲೇ ಜಾರಿತು.

ಕಿನ್ನಿಯಕ್ಕ ತಿರುಗಿ ಕೂತರು.

"ಒಂದು ಪಾಠವನ್ನು ದಿನಾ ಬಾರಿಸಬಹುದು. ಒಂದೇ ತಪ್ಪನ್ನು ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲದೆ ದಿನಾ ಯಾರೂ ಮಾಡ್ಲಿಕ್ಕೆ ಆಗುದಿಲ್ಲ," ಎಂದರು ಟೀಚರು. "ಪೆಟ್ಟು ದಿನಕ್ಕೊಂದು ಕಡೆ ತಪ್ಪಲಿ ಅಂತಲೇ ಇವನು ಬರೆದದ್ದು. ಆದರೆ ಸಿ ಭಾಷೆಯಲ್ಲಿ ಹಾಗೆ ಮನಸ್ಸಿಗೆ ಬಂದ ಸಂಖ್ಯೆ ಬೇಕಾದರೆ ಮೊದಲು ಅದಕ್ಕೊಂದು ಬೀಜ ಕೊಡಬೇಕು, ಪ್ರತಿಸಲ ಬೇರೆ ಬೀಜ. ಇವನು ಕೊಡಲೇ ಇಲ್ಲ. ಬೀಜ ಕೊಡದಿದ್ದರೆ ಅದು ಪ್ರತಿಸಲ ಅದೇ ಸಂಖ್ಯೆಗಳನ್ನು ಅದೇ ಸಾಲಿನಲ್ಲಿ ಕೊಡ್ತದೆ. ದಿನಾ ಬಾಗಿಲು ಹಾಕಿ ಬಾರಿಸ್ತಾ ಇದ್ದದ್ದು ವಿಖ್ಯಾತ್ ಅಲ್ಲ, ಈ ಪ್ರೋಗ್ರಾಮ್."

ವಿಖ್ಯಾತ ನಕ್ಕ. "ಆಯ್ತು. ಪ್ರೋಗ್ರಾಮ್ ಹಾಕಿ ಒಳಗೆ ಮಲಗಿದ್ದೆ. ಅದು ಕೊಲೆಯಾ?"

"ಒಳಗಿದ್ದರೆ ನಿಲ್ಲಿಸ್ತಿದ್ದೆ," ಟೀಚರ ದನಿ ಗಡುಸಾಯಿತು. "ಬೇಲಿಯ ಆಚೆ ಹೆಣ ಇಳಿಸುವಾಗ ಚೆಂಡೆ ಬಾರಿಸುವಷ್ಟು ಕೆಟ್ಟವ ನೀನಲ್ಲ. ಈ ಊರಲ್ಲಿ ಹುಟ್ಟಿದ ಯಾರೂ ಅಲ್ಲ. ಅದನ್ನು ನಾವೆಲ್ಲ ಅಹಂಕಾರ ಅಂತ ತಿಳಿದೆವು. ಆ ಬೈಗಳನ್ನು ನೀನು ಸುಮ್ಮನೆ ಹೊತ್ತುಕೊಂಡೆ, ಯಾಕೆಂದರೆ ಮನೆಯಲ್ಲಿರಲಿಲ್ಲ ಅಂತ ಹೇಳುವ ಹಾಗಿರಲಿಲ್ಲ. ಮತ್ತೆ, ಪಕ್ಕದ ಮನೆಯಿಂದ ಬೇಲಿ ದಾಟಿ ಬರುವವನಿಗೆ ಹೆಲ್ಮೆಟ್ ಎಂತಕ್ಕೆ ಮಾರಾಯ? ವೀಡಿಯೋ ತೆಗೆದ ಹೊತ್ತು, ಶ್ರೀರಂಜಿನಿಯ ಫೋನು ಕಡಿದ ಹೊತ್ತು ಒಂದೇ. ಆಗ ನೀನು ಇಲ್ಲಿದ್ದೆ. 'ಬಂದೆಯಾ? ಬಾ' ಅಂತ ಕೃಷ್ಣಕುಮಾರ ಕರೆದದ್ದು ತನ್ನ ಪಾಲುದಾರನನ್ನು."

"ಸುಳ್ಳು!"

ಟೀಚರು ಕಪಾಟಿನ ಪಕ್ಕದಲ್ಲಿದ್ದ ಚೆಂಡೆಯನ್ನು ಅವನ ಮುಂದಿಟ್ಟು ಕೋಲುಗಳನ್ನು ಚಾಚಿದರು. "ಹಾಗಾದರೆ ಬಾರಿಸು. ಮೇಳ ಬಿಟ್ಟದ್ದು ಸಾಧನೆಗೆ ಅಂತ ಎಲ್ಲರಿಗೂ ಕೇಳಲಿ. ನೀರು ಕೂಡ ಬಲಗೈಯಲ್ಲಿ ಕೊಡ್ಲಿಕ್ಕಾಗದವ ಹೇಗೆ ಬಾರಿಸ್ತಿ ಅಂತ ನಾನೂ ನೋಡ್ತೇನೆ."

ಅವನು ಕಿಸೆಯಿಂದ ಬಲಗೈ ತೆಗೆದು ಒಂದನ್ನು ಹಿಡಿದ. ಬೆರಳುಗಳು ಮಡಚಲಿಲ್ಲ. ಕೋಲು ಜಾರಿ ನೆಲಕ್ಕೆ ಬಿತ್ತು. ನನಗೆ ಅವನ ಮೇಲಿದ್ದ ಸಿಟ್ಟು ಹೋಗಲಿಲ್ಲ, ಆದರೂ ಬಗ್ಗಿ ಆ ಕೋಲನ್ನು ಎತ್ತಿ ಚೆಂಡೆಯ ಮೇಲಿಟ್ಟೆ.

"ನರ ಸತ್ತಿದೆ," ಎಂದ ವಿಖ್ಯಾತ. "ಅಂಗೈ ಒತ್ತಿ ಸ್ಕೂಟರ್ ಹೇಗೋ ಓಡಿಸ್ತೇನೆ, ಕೋಲು ಹಿಡೀಲಿಕ್ಕೆ ಆಗುದಿಲ್ಲ. ಔಷಧಿ ಇಲ್ಲ ಅಂತ ಡಾಕ್ಟರು ಹೇಳಿದ್ರು. ಇವಳು ಜಗಳ ಮಾಡಿದ ಮೇಲೆ ಕೃಷ್ಣ ಆ ಫೈಲ್ ತೆಗೆದು ನೋಡಿದ್ದಾನೆ. ಮಧ್ಯಾಹ್ನ ನನಗೆ ಫೋನ್ ಮಾಡಿ, ಪೆಟ್ಟಿಗೆಯಿಂದ ನಿನ್ನ ಹೆಸರು ತೆಗೀತೇನೆ, ಯಾಕೆ ಅಂತ ಮೇಳದವರಿಗೂ ಹೇಳ್ತೇನೆ ಅಂದ. ಬೇಡ ಅಂತ ಅಂಗಲಾಚಿದೆ. ಕೇಳ್ಲಿಲ್ಲ. ಸಂಜೆ ಇಲ್ಲಿಗೆ ಬಂದಾಗ ಅವನು ಫೋನಿನಲ್ಲಿದ್ದ, ನನ್ನ ಎಡಗೈಗೆ ಸ್ಟ್ಯಾಂಡ್ ಸಿಕ್ಕಿತು."

ಎಸ್.ಐ. ಅವನನ್ನು ಜೀಪಿಗೆ ಹತ್ತಿಸಿ ಬಂದು, ನಮಿತಾಳ ಮುಖ ನೋಡದೆ, "ನೀನು ಹೋಗಬಹುದು" ಎಂದರು.

ಶ್ರೀರಂಜಿನಿ ಗೋಡೆ ಬಿಟ್ಟು ಮುಂದೆ ಬಂದು ನಮಿತಾಳ ಕೈ ಹಿಡಿದರು. "ತಪ್ಪು ತಿಳಿದೆ ಮಗಾ. ಇನ್ನು ಈ ವರ್ಕ್‌ಶಾಪು ನೀನೇ ನೋಡಿಕೊಳ್ಳಬೇಕು. ನನಗೆ ಬೇರೆ ಯಾರಿದ್ದಾರೆ?"

"ನಾನು ಇವತ್ತು ಜೈಲಿಗೆ ಹೋಗಿದ್ರೆ ನೀವು ಯಾರಿಗೆ ಹೇಳ್ತಿದ್ರಿ ಅಕ್ಕ?" ನಮಿತಾ ಕೈ ಬಿಡಿಸಿಕೊಂಡಳು. "ಕೃಷ್ಣಣ್ಣನ ನೆತ್ತರು ನನ್ನ ಮಡಿಲಲ್ಲಿ ಇತ್ತು. ತಲೆ ಎತ್ತಿ ಹಿಡ್ಕೊಂಡು, ಜನ ಬರುವವರೆಗೆ ಕೂತಿದ್ದೆ. ಬಂದವರು ನನ್ನ ಬಟ್ಟೆ ನೋಡಿದ್ರು. ನಾನು ಅಳ್ತಾ ಇದ್ದದ್ದು ಒಬ್ಬರಿಗೂ ಕಾಣ್ಲಿಲ್ಲ."

ಅವಳು ತನ್ನ ಬೀಗದ ಕೈಯನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದಳು. ನಾನು ಓಮ್ನಿಯ ಬಾಗಿಲು ತೆರೆದರೂ ಹತ್ತಲಿಲ್ಲ. ಸೀತಾಂಗೋಳಿಯ ಅಂಗಡಿಗಳವರು ಹೊರಗೆ ಬಂದು ನಿಂತಿದ್ದರು. ಅವರೆಲ್ಲರ ಮುಖವನ್ನು ಒಂದೊಂದಾಗಿ ನೋಡುತ್ತ ಅವಳು ರಸ್ತೆಯ ಮಧ್ಯದಲ್ಲೇ ನಡೆದಳು. ಒಬ್ಬೊಬ್ಬರೇ ತಲೆ ತಗ್ಗಿಸಿದರು. ಹಿಂದೆ ಬಂದ ಬಸ್ಸಿನವನು ಹಾರನ್ ಹೊಡೆಯಲು ಕೈ ಎತ್ತಿದ್ದನ್ನು ಕಂಡು, ನಾನು ನನ್ನ ಓಮ್ನಿಯನ್ನು ಅವನಿಗೆ ಅಡ್ಡ ನಿಲ್ಲಿಸಿದೆ.