ಪಾಸ್‌ವರ್ಡ್ ಕೇಳದ ಫೋಲ್ಡರ್

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಮಿಗ್ದಾಲಿಯಾ ಹಿಬಾರಾ ಊರಿನ ಪೊಲೀಸ್ ಠಾಣೆಗೆ ಬಂದು, ಮಗಳ ಫೋಟೊಗಳು ಕಾಣೆಯಾಗಿವೆ ಎಂದು ದೂರು ಕೊಟ್ಟಳು. ಜೊತೆಗೆ ಅಕ್ಕ ನೆರೇಯಿದಾ ಇದ್ದಳು, ಕೈಯಲ್ಲಿ ಸೂಪಿನ ಡಬ್ಬಿ ಹಿಡಿದು.

"ಎಷ್ಟು ಫೋಟೊ?" ಕಾನ್‌ಸ್ಟೇಬಲ್ ರೈಡೆಲ್ ತಲೆ ಎತ್ತದೆ ಕೇಳಿದ.

"ಎಲ್ಲಾ."

"ಮನೇಲಿ ಇನ್ನೊಂದು ಪ್ರತಿ ಇಲ್ವಾ?"

"ಆಲ್ಬಂ ಇತ್ತು. ಪೆಟ್ಟಿಗೆಯೊಳಗೆ ಅವಳ ಜೊತೆ ಇಟ್ಟೆ."

ಯಾವ ಪೆಟ್ಟಿಗೆ ಎಂದು ಕೇಳಹೊರಟ ರೈಡೆಲ್ ಬಾಯಿ ಮುಚ್ಚಿಕೊಂಡ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಮಾರ್ಚ್‌ನಲ್ಲಿ ಲೇಯಾನಿಸ್‌ಗೆ ಹದಿನೈದು ತುಂಬಿತು. ಹದಿನೈದಕ್ಕೆ ಬಾಡಿಗೆ ಗೌನು ತೊಡಿಸಿ ಫೋಟೊ ತೆಗೆಸದ ತಾಯಿ ನಮ್ಮಲ್ಲಿಲ್ಲ, ಮಿಗ್ದಾಲಿಯಾಳೂ ತೆಗೆಸಿದಳು. ಮೇ ತಿಂಗಳಲ್ಲಿ ಜ್ವರ ಬಂದು ಹುಡುಗಿ ನಾಲ್ಕೇ ದಿನದಲ್ಲಿ ಹೋದಳು. ಅಂದಿನಿಂದ ಈ ತಾಯಿ ದಿನಾ ಮಧ್ಯಾಹ್ನ ಫೋಟೊಗ್ರಾಫರ್ ಎವೆಲಿಯೊನ ಮನೆಗೆ ಹೋಗಿ, ಕಂಪ್ಯೂಟರಿನ ಮುಂದೆ ಕೂತು ಆ ಫೋಟೊಗಳನ್ನು ನೋಡುತ್ತಿದ್ದಳು. ಅಳುತ್ತಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು, ಅಷ್ಟೆ. ಇವತ್ತು ಮಧ್ಯಾಹ್ನಕ್ಕೂ ಕಾಯದೆ ಬೆಳಿಗ್ಗೆಯೇ ಹೋಗಿದ್ದಳು, ಮಗಳ ಫೋಟೊಗಳಿದ್ದ ಫೋಲ್ಡರ್ ಇರಲಿಲ್ಲ.

"ಎರಡು ದಿನ ತಡ್ಕೋ ಅಂದೆ ಮೇಡಂ," ಎಂದಳು ನೆರೇಯಿದಾ, ಒಳಗಿಂದ ಬಂದ ಲೆಫ್ಟಿನೆಂಟ್ ಜೊರೈದಾ ಪೂಪೊಗೆ. "ಎಲ್ಲಿಗೆ ಹೋಗುತ್ತೆ ಅದು? ಸಿಗುತ್ತೆ. ಇದಕ್ಕೆಲ್ಲ ಪೊಲೀಸ್ ಯಾಕೆ?"

ಜೊರೈದಾ ದೂರು ದಾಖಲಿಸಿಕೊಂಡಳು.

ಹನ್ನೊಂದಕ್ಕೆ ಎವೆಲಿಯೊನ ಮನೆಯಲ್ಲಿ ಮಹಜರು ನಡೆಯಿತು. ಮುಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರ್, ಹಿಂದಿನ ಕೋಣೆಯಲ್ಲಿ ಇನ್ನೊಂದು, ನಡುವೆ ಗೋಡೆಯುದ್ದಕ್ಕೂ ಮೊಳೆ ಹೊಡೆದು ಎಳೆದ ತಂತಿ. ಫೋಟೊಗಳೆಲ್ಲ ಹಿಂದಿನದರಲ್ಲಿ. ಆ ಕೋಣೆಗೆ ಬೀಗ ಬೇರೆ.

"ಪಾಸ್‌ವರ್ಡ್ ಹಾಕದೆ ಗಿರಾಕಿಗಳ ಫೋಟೊ ಇರೋ ದೊಡ್ಡ ಫೋಲ್ಡರಿಗೆ ನೊಣಾನೂ ಹೋಗಲ್ಲ," ಎಂದ ಎವೆಲಿಯೊ. "ನನ್ನ ಹೆಂಡತಿಗೂ ಹೇಳಿಲ್ಲ."

ಜೊರೈದಾ ಮುಂದಿನ ಕಂಪ್ಯೂಟರಿನ ಎದುರು ಕೂತು, ತಂತಿಯಾಚೆಯ ಆ ದೊಡ್ಡ ಫೋಲ್ಡರಿನ ಮೇಲೆ ಒತ್ತಿದಳು. ಏನನ್ನೂ ಕೇಳದೆ ತೆರೆದುಕೊಂಡಿತು.

"ಹೆಂಡತಿಗೆ ಹೇಳಿಲ್ಲ. ಕಂಪ್ಯೂಟರಿಗೆ ಹೇಳಿದ್ದೀಯಲ್ಲಪ್ಪ."

ಎವೆಲಿಯೊನ ಮುಖ ಸಪ್ಪಗಾಯಿತು. ಹೆಂಡತಿ ಇಡಾಲ್ಮಿಸ್ ಸೊಂಟದ ಮೇಲೆ ಕೈಯಿಟ್ಟಳು. "ಗಿರಾಕಿ ಬಂದಾಗೆಲ್ಲ ಬಂದು ಟೈಪ್ ಮಾಡೋಕೆ ಸೋಮಾರಿತನ ಇವರಿಗೆ. ನೆನಪಿಟ್ಕೋ ಅಂತ ಕಂಪ್ಯೂಟರಿಗೇ ಹೇಳಿಬಿಟ್ರು. ನನಗೆ ಹೇಳಿದ್ರೆ ಊರಿಗೆ ಸಾರಿಬಿಡ್ತೀನಂತೆ!"

ಹಿಂದಿನ ಯಂತ್ರದಲ್ಲಿ ದಾಖಲೆ ಸಿಕ್ಕಿತು: ಶನಿವಾರ ಸಂಜೆ ನಾಲ್ಕು ನಲವತ್ತಕ್ಕೆ, ಮುಂದಿನ ಕಂಪ್ಯೂಟರಿನಿಂದ, ಎವೆಲಿಯೊನ ಹೆಸರಿನಲ್ಲೇ ಲೇಯಾನಿಸ್‌ಳ ಫೋಲ್ಡರ್ ಅಳಿಸಲಾಗಿತ್ತು. ಆದರೆ ಆ ಹೊತ್ತಿಗೆ ಎವೆಲಿಯೊ ಒಂದು ಮದುವೆಯ ಫೋಟೊ ತೆಗೆಯುತ್ತಿದ್ದ. ಅರ್ಧ ಊರೇ ಸಾಕ್ಷಿ.

"ಶನಿವಾರ ಇಲ್ಲಿ ಯಾರು ಕೂತಿದ್ರು?"

"ಯಾರು ಕೂರಲಿಲ್ಲ ಕೇಳಿ," ಎಂದಳು ಇಡಾಲ್ಮಿಸ್. ಶನಿವಾರ ವಾರದ ಸಿನಿಮಾ, ಧಾರಾವಾಹಿಗಳ ಕಟ್ಟು ಡಿಸ್ಕಿನಲ್ಲಿ ತುಂಬಿ ಹವಾನಾದಿಂದ ಈ ಮನೆಗೆ ಬರುತ್ತದೆ. ಓಣಿಯವರೆಲ್ಲ ಪೆನ್‌ಡ್ರೈವ್ ಹಿಡಿದು ಸಾಲು ನಿಂತು, ಒಬ್ಬೊಬ್ಬರೇ ಕೂತು ತಮಗೆ ಬೇಕಾದ್ದನ್ನು ಕಾಪಿ ಮಾಡಿಕೊಳ್ಳುತ್ತಾರೆ. ಅವಳು ಅಡುಗೆಮನೆಯಲ್ಲಿ ಕಾಫಿ ಕಾಯಿಸುತ್ತಿದ್ದಳಂತೆ.

"ಹೆಸರು ಬರೆದಿಟ್ಟಿಲ್ವಾ?" ರೈಡೆಲ್ ಕೇಳಿದ.

"ಸಾಲಿಗೆ ಯಾರಾದ್ರೂ ಹೆಸರು ಬರೀತಾರಾ?"

ಬರೆಯುವ ಅಗತ್ಯವೂ ಇರಲಿಲ್ಲ. ಬ್ರೆಡ್ಡಿನ ಸಾಲಿರಲಿ, ಬಸ್ಸಿನದಿರಲಿ, ಬಂದವರು "ಕೊನೆಯವರು ಯಾರು?" ಎಂದು ಕೂಗುತ್ತಾರೆ, ಒಬ್ಬರು ಕೈ ಎತ್ತುತ್ತಾರೆ, ಆಮೇಲೆ ಎಲ್ಲಿ ಬೇಕಾದರೂ ಕೂರಬಹುದು. ಮುಂದಿದ್ದವರ ಮುಖ ಮರೆತರೆ ತಮ್ಮ ಸರದಿ ಹೋದಂತೆಯೇ. ಹಾಗಾಗಿ ಯಾರೂ ಮರೆಯುವುದಿಲ್ಲ. ಇಬ್ಬರು ಪೊಲೀಸರು ಮನೆ ಮನೆಗೆ ಹೋಗಿ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ಮುಂದೆ ಯಾರಿದ್ದರು?

ಕೊನೆಯವರಿಂದ ಒಬ್ಬೊಬ್ಬರಾಗಿ ಮುಂದಕ್ಕೆ ಸಾಗಿದ ಸರಪಳಿ ಮುದಿ ಮೀನುಗಾರ ಫರ್ಮೀನನ ಬಳಿ ನಿಂತಿತು.

"ನನ್ನ ಮುಂದೆ ನೆರೇಯಿದಾ," ಎಂದ ಅವನು.

"ಕರೆಂಟ್ ಬರಲಿಲ್ಲ, ಬೇಸತ್ತು ಹೊರಟುಹೋದೆ ಅಂತಾಳಲ್ಲ ತಾತ?" ರೈಡೆಲ್ ಅವಳನ್ನು ಆಗಲೇ ವಿಚಾರಿಸಿದ್ದ.

"ಹೋಗೋರು ಹಿಂದಿನವರಿಗೆ ಹೇಳಿ ಹೋಗಲ್ವೇನಯ್ಯಾ? ನಾಲ್ಕೂವರೆಗೆ ಕರೆಂಟ್ ಬಂತು. ಮೊದಲು ಕೂತಿದ್ದೇ ಅವಳು. ಕಾಲು ಗಂಟೆ ಕೂತಿದ್ಲು, ಒಂದು ಧಾರಾವಾಹಿನೂ ಹಾಕ್ಕೊಳ್ಳಲಿಲ್ಲ. ಪೆನ್‌ಡ್ರೈವೇ ತಂದಿರಲಿಲ್ಲ ಮಾರಾಯ. ಬರಿಗೈಲಿ ಬಂದು ಯಾರು ಸಾಲಲ್ಲಿ ಸಾಯ್ತಾರೆ?"

ಸಂಜೆ ಐದಕ್ಕೆ ನೆರೇಯಿದಾಳನ್ನು ಅವಳ ಮನೆಯಲ್ಲಿ ವಿಚಾರಿಸಲಾಯಿತು. ಅವಳು ಜಲಮಂಡಳಿ ಕಚೇರಿಯಲ್ಲಿ ಗುಮಾಸ್ತೆ. ಅನ್ನಕ್ಕೆ ಕಪ್ಪು ಅವರೆ ಬೇಯಿಸುತ್ತಿದ್ದಳು. ಒಲೆ ಆರಿಸಿ ಕೂತಳು.

"ನೀವೇನಾ?"

"ನಾನೇ."

"ಯಾಕೆ?"

"ಭಾನುವಾರ ಎವೆಲಿಯೊ ಬಾಗಿಲು ತೆಗೆಯಲ್ಲ. ಭಾನುವಾರ ಮಾತ್ರ ಅವಳು ಎರಡು ತುತ್ತು ತಿಂತಾಳೆ ಮೇಡಂ. ಬೇರೆ ದಿನ ಅದನ್ನ ನೋಡ್ಕೊಂಡು ಬಂದು ಗೋಡೆ ಕಡೆ ತಿರುಗಿ ಮಲಗ್ತಾಳೆ. ಸ್ವಲ್ಪ ದಿನ ದಿನಾ ಭಾನುವಾರ ಆಗಲಿ ಅಂದ್ಕೊಂಡೆ. ನನಗೆ ಇನ್ನು ಉಳಿದಿರೋಳು ಅವಳೊಬ್ಬಳೇ."

"ಸ್ವಲ್ಪ ದಿನ ಅಂದ್ರೆ?"

"ಅವಳು ಸುಧಾರಿಸಿಕೊಳ್ಳೋವರೆಗೆ. ಆಮೇಲೆ ತೆಗೆದುಕೊಡ್ತಿದ್ದೆ. ಬುಟ್ಟಿಯಲ್ಲಿದೆಯಲ್ಲ! ಕಚೇರೀಲಿ ಅಳಿಸಿದ್ದೆಲ್ಲ ಕಸದಬುಟ್ಟಿಗೆ ಹೋಗುತ್ತೆ, ಬೇಕಾದಾಗ ತೆಗೀತೀವಿ. ಹೋಗಿ ನೋಡಿ ಮೇಡಂ, ಅಲ್ಲೇ ಇದೆ."

ರೈಡೆಲ್ ಕಿಟಕಿಯ ಕಡೆ ತಿರುಗಿದ.

"ಆ ಫೋಟೊಗಳು ಆ ಕಂಪ್ಯೂಟರಿನಲ್ಲೇ ಇರಲಿಲ್ಲ ನೆರೇಯಿದಾ," ಎಂದಳು ಜೊರೈದಾ. "ಹಿಂದಿನ ಕೋಣೆಯದರಲ್ಲಿದ್ದವು. ತಂತಿ ದಾಟಿ ಅಳಿಸಿದ್ದು ಯಾವ ಬುಟ್ಟಿಗೂ ಹೋಗಲ್ಲ."

"ಇಲ್ಲ, ಅಲ್ಲೇ ಇದ್ವು. ಬೇರೆ ಕಡೆ ಇದ್ದಿದ್ರೆ ಪಾಸ್‌ವರ್ಡ್ ಕೇಳ್ತಿರಲಿಲ್ವಾ?"

"ಶಾಶ್ವತವಾಗಿ ಅಳಿಸಲಾ ಅಂತ ಅದು ಕೇಳಲಿಲ್ವಾ?"

"ಏನೋ ಇಂಗ್ಲಿಷಲ್ಲಿ ಕೇಳ್ತು. ಕಚೇರೀದೂ ಕೇಳುತ್ತೆ. ಒತ್ತಿದೆ."

ಮುಂದಿನದನ್ನು ಜೊರೈದಾ ಹೇಳಲೇಬೇಕಾಯಿತು. ಭಾನುವಾರ ಎವೆಲಿಯೊ ಮದುವೆಯ ಫೋಟೊಗಳನ್ನೆಲ್ಲ ಅದೇ ಡಿಸ್ಕಿಗೆ ಸುರಿದಿದ್ದ; ಅಳಿಸಿದ ಜಾಗವನ್ನೆಲ್ಲ ಅವು ತುಂಬಿಕೊಂಡಿದ್ದವು. ಓಲ್ಗಿನ್ ನಗರದ ಕಂಪ್ಯೂಟರ್ ತಜ್ಞನಿಗೆ ಮಧ್ಯಾಹ್ನವೇ ಡಿಸ್ಕ್ ತೋರಿಸಿಯಾಗಿತ್ತು. ಏನೂ ಉಳಿದಿರಲಿಲ್ಲ.

ನೆರೇಯಿದಾ ಅಳಲಿಲ್ಲ. ಎದ್ದು ಅವರೆಯ ಪಾತ್ರೆಗೆ ಮುಚ್ಚಳ ಮುಚ್ಚಿ, "ಇದನ್ನ ಮಿಗ್ದಾಲಿಯಾಗೆ ತಲುಪಿಸ್ತೀರಾ?" ಎಂದಳು. ಐದೂ ಮುಕ್ಕಾಲಿಗೆ ಬಂಧನ ದಾಖಲಾಯಿತು.

ಏಳು ಗಂಟೆಗೆ ಮಿಗ್ದಾಲಿಯಾಳನ್ನು ಠಾಣೆಗೆ ಕರೆಸಿ ಎಲ್ಲವನ್ನೂ ಹೇಳಿದರು. ದೂರು ಹಿಂಪಡೆಯುವುದಾದರೆ ಅರ್ಜಿ ಕೊಡಬಹುದು ಎಂದ ರೈಡೆಲ್. ಅವಳು ಬೆಂಚಿನ ಮೇಲೆ ಅವರೆಯ ಪಾತ್ರೆಯ ಪಕ್ಕ ಕೂತಿದ್ದಳು.

"ಅಳಿಸೋ ಮುಂಚೆ ಅಕ್ಕ ನೋಡಿದ್ಲಂತಾ?"

ಜೊರೈದಾ ಒಳಗೆ ನೆರೇಯಿದಾ ಇದ್ದ ಲಾಕಪ್ಪಿಗೆ ಹೋಗಿ ಕೇಳಿ ಬಂದಳು. "ನೋಡಿದ್ಲಂತೆ. ಎಲ್ಲಾನೂ. ಕೊನೇದು ಹಳದಿ ಗೌನಿಂದಂತೆ. ಸಮುದ್ರದ ಕಟ್ಟೆ ಮೇಲೆ ನಿಂತು, ಚಪ್ಪಲಿ ಕೈಲಿ ಹಿಡ್ಕೊಂಡು ನಗ್ತಿದ್ದಾಳಂತೆ."

"ಹೌದು, ಅದಿತ್ತು." ಮಿಗ್ದಾಲಿಯಾ ಕಣ್ಣು ಮುಚ್ಚಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ ತೆರೆದಳು.

"ಯಾವ ಕೈಲಿ ಹಿಡ್ಕೊಂಡಿದ್ಲು? ನನಗೆ ನೆನಪಿಗೆ ಬರ್ತಾ ಇಲ್ಲ. ಅಕ್ಕನ್ನ ಕೇಳಿ ಹೇಳ್ತೀರಾ?"

ಜೊರೈದಾ ಲಾಕಪ್ಪಿನ ಬೀಗದಕೈ ತೆಗೆದುಕೊಂಡು ಮತ್ತೆ ಒಳಗೆ ಹೋದಳು.